‘ಯುದ್ಧ ಮುಗಿಯುವ ತನಕ ಮಾತ್ರ’: ಎರಡನೆಯ ಮಹಾಯುದ್ಧ ಅಮೆರಿಕದಲ್ಲಿ ಉಳಿಸಿದ್ದು, ಅಳಿಸಿದ್ದು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವು ತನ್ನ ಪ್ರಜೆಗಳ ದಿನನಿತ್ಯದ ಬದುಕಿನೊಳಕ್ಕೆ ತಂದ ಏರ್ಪಾಡುಗಳಲ್ಲಿ ಬಹುಪಾಲು ‘ಯುದ್ಧ ಮುಗಿಯುವ ತನಕ ಮಾತ್ರ’ ಎಂಬ ಮಾತಿನ ಮೇಲೆ ಬಂದಂಥವು. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ, ಸಕ್ಕರೆ ಮಾಂಸಗಳಿಗೆ ಪಡಿತರ, ಅಂಗಡಿಯ ಬೆಲೆಗಳಿಗೂ ಕಾರ್ಖಾನೆಯ ಕೂಲಿಗೂ ಸರ್ಕಾರದ ಕಡಿವಾಣ, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ, ಉದ್ಯೋಗ ಕೊಡುವಾಗ ಜನಾಂಗಭೇದ ಮಾಡಬಾರದೆಂಬ ಆಜ್ಞೆ, ಇವೆಲ್ಲವೂ ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಒಂದರ ಹಿಂದೊಂದು ಜಾರಿಗೆ ಬಂದವು. 1945ರಲ್ಲಿ ಯುದ್ಧ ನಿಂತ ಮೇಲೆ ಇವುಗಳಲ್ಲಿ ಕೆಲವು ಗಟ್ಟಿಯಾಗಿ ಬೇರೂರಿದವು, ಕೆಲವು ಹೆಸರಿಲ್ಲದಂತೆ ಅಳಿದವು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತೀರ್ಮಾನವಾದದ್ದು ಆಯಾ ಏರ್ಪಾಡು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತು ಎಂಬುದರಿಂದಲ್ಲ, ಅದರ ಬೆನ್ನಿಗೆ ಯಾರು ನಿಂತಿದ್ದರು ಎಂಬುದರಿಂದ. ಯುದ್ಧೋತ್ತರ ಅಮೆರಿಕದ ಸಮೃದ್ಧಿಯನ್ನೂ ಅದರೊಳಗಿನ ಅಸಮಾನತೆಯನ್ನೂ ಅರಿಯಲು ಈ ಉಳಿವು ಅಳಿವಿನ ಲೆಕ್ಕಕ್ಕಿಂತ ಒಳ್ಳೆಯ ದಾರಿ ಬೇರೊಂದಿಲ್ಲ.

ಯುದ್ಧದ ಹೊಸ್ತಿಲಲ್ಲಿ ಆ ದೇಶ 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಯೋಜನೆಗಳು ಏಳು ವರ್ಷ ನಡೆದ ಬಳಿಕವೂ 1940ರಲ್ಲಿ ದುಡಿಯುವ ವಯಸ್ಸಿನ ಕಾರ್ಮಿಕರಲ್ಲಿ ಶೇಕಡಾ 14.6ರಷ್ಟು ಮಂದಿ ನಿರುದ್ಯೋಗಿಗಳಾಗಿದ್ದರು. 1944ರ ಹೊತ್ತಿಗೆ ಆ ಪ್ರಮಾಣ ಶೇಕಡಾ 1.2ಕ್ಕೆ ಇಳಿದಿತ್ತು. ಒಕ್ಕೂಟ ಸರ್ಕಾರದ ವಾರ್ಷಿಕ ವೆಚ್ಚ 1940ರಲ್ಲಿ ಒಂದು ಸಾವಿರ ಕೋಟಿ ಡಾಲರಿಗಿಂತ ಕಡಿಮೆಯಿದ್ದುದು 1945ರಲ್ಲಿ ಒಂಬತ್ತು ಸಾವಿರ ಕೋಟಿ ಡಾಲರನ್ನು ಮೀರಿತು. ಮಂದಗತಿಯಲ್ಲಿರುವ ಆರ್ಥಿಕತೆಗೆ ಸರ್ಕಾರ ಸಾಲ ಮಾಡಿಯಾದರೂ ಹಣ ಸುರಿದರೆ ಉದ್ಯೋಗ ಹುಟ್ಟುತ್ತದೆ ಎಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮಂಡಿಸಿದ್ದ ವಾದಕ್ಕೆ ಇಷ್ಟು ದೊಡ್ಡ ಪ್ರಯೋಗಶಾಲೆ ಶಾಂತಿಕಾಲದಲ್ಲಿ ಎಂದೂ ಸಿಕ್ಕಿರಲಿಲ್ಲ. ಆದರೆ ಈ ಅಂಕಿಗಳನ್ನು ಹಾಗೆಯೇ ನುಂಗುವುದೂ ಸರಿಯಲ್ಲ. ಯುದ್ಧದ ಅವಧಿಯಲ್ಲಿ ಒಟ್ಟು 1.6 ಕೋಟಿ ಅಮೆರಿಕನ್ನರು ಸಮವಸ್ತ್ರ ತೊಟ್ಟರು, ಅವರಲ್ಲಿ ಹೆಚ್ಚಿನವರು ಕಡ್ಡಾಯ ಸೇವೆಯ ಕಾನೂನಿನಡಿ ಕರೆಸಿಕೊಳ್ಳಲ್ಪಟ್ಟವರು. ಆದ್ದರಿಂದ ನಿರುದ್ಯೋಗ ಮಾಯವಾದದ್ದರಲ್ಲಿ ಕಾರ್ಖಾನೆಗಳ ಪಾಲಿನಷ್ಟೇ ಸೇನೆಯ ಭರ್ತಿಯ ಪಾಲೂ ಇದೆ. ಟ್ಯಾಂಕು, ಬಾಂಬು, ತೋಪುಗಳ ಬೆಲೆಯೂ ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದಾದರೂ ಅವನ್ನು ಯಾರೂ ಮನೆಗೆ ಒಯ್ಯಲಾರರು ಎಂದು ರಾಬರ್ಟ್ ಹಿಗ್ಸ್ ಮುಂತಾದ ಆರ್ಥಿಕ ಇತಿಹಾಸಕಾರರು ತಕರಾರು ಎತ್ತಿರುವುದೂ ನ್ಯಾಯವಾದದ್ದೇ.

1942ರ ಜನವರಿಯಲ್ಲಿ ಸ್ಥಾಪನೆಯಾದ ಯುದ್ಧ ಉತ್ಪಾದನಾ ಮಂಡಳಿಗೆ ಯಾವ ಕಚ್ಚಾವಸ್ತು ಯಾವ ಕಾರ್ಖಾನೆಗೆ ಹೋಗಬೇಕು, ಯಾವ ಸರಕನ್ನು ತಯಾರಿಸಲೇಬಾರದು ಎಂದು ವಿಧಿಸುವ ಅಧಿಕಾರವಿತ್ತು. ಅದರ ಆಜ್ಞೆಯಂತೆ ಫೆಬ್ರವರಿಯಲ್ಲಿ ಖಾಸಗಿ ಬಳಕೆಯ ಕಾರುಗಳ ತಯಾರಿಕೆ ನಿಂತುಹೋಯಿತು. ಡೆಟ್ರಾಯಿಟ್ ನಗರದ ಪಶ್ಚಿಮಕ್ಕೆ ವಿಲ್ಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿ ಕಟ್ಟಿದ ಬೃಹತ್ ಕಾರ್ಖಾನೆಯಲ್ಲಿ, ಕಾರಿನ ಹಾಗೆಯೇ ಸಾಲಾಗಿ ಸಾಗುವ ಜೋಡಣೆಯ ಪಟ್ಟಿಯ ಮೇಲೆ ಬಿ-24 ಬಾಂಬರ್ ವಿಮಾನಗಳು ಸಿದ್ಧವಾಗತೊಡಗಿದವು. ಮೊದಮೊದಲು ಅಪಹಾಸ್ಯಕ್ಕೆ ಗುರಿಯಾದಷ್ಟು ನಿಧಾನವಾಗಿ ಸಾಗಿದ ಆ ಕೆಲಸ 1944ರಲ್ಲಿ ಗಂಟೆಗೊಂದು ವಿಮಾನ ಹೊರಬೀಳುವ ಮಟ್ಟ ಮುಟ್ಟಿತು. ಸರಕು ಸಾಗಿಸುವ ‘ಲಿಬರ್ಟಿ’ ಹಡಗುಗಳದ್ದು ಇನ್ನೂ ಸೋಜಿಗದ ಕಥೆ. ಅಣೆಕಟ್ಟುಗಳ ಗುತ್ತಿಗೆದಾರರಾಗಿದ್ದ ಹೆನ್ರಿ ಕೈಸರ್ ಅವರಿಗೆ ಹಡಗು ಕಟ್ಟುವ ವಿದ್ಯೆಯ ಹಳೆಯ ಕಟ್ಟುಪಾಡುಗಳ ಹಂಗಿರಲಿಲ್ಲ. ಹಡಗಿನ ಮುಂಭಾಗ, ತಳ, ಮೇಲಿನ ಕೋಣೆಗಳು ಮುಂತಾದ ದೊಡ್ಡ ದೊಡ್ಡ ಭಾಗಗಳನ್ನು ಬೇರೆ ಬೇರೆ ಕಡೆ ನೆಲದ ಮೇಲೆಯೇ ಸಿದ್ಧಪಡಿಸಿ, ಕ್ರೇನಿನಿಂದ ಎತ್ತಿ ತಂದು, ರಿವೆಟ್ ಮೊಳೆ ಹೊಡೆಯುವ ಬದಲು ವೆಲ್ಡಿಂಗ್ ಮಾಡಿ ಕೂಡಿಸುವ ಕ್ರಮವನ್ನು ಅವರ ಸಂಸ್ಥೆಗಳು ದೊಡ್ಡ ಪ್ರಮಾಣದಲ್ಲಿ ಅನುಸರಿಸಿದವು. ಇದರಿಂದ ವೇಗ ಹೆಚ್ಚಿದ್ದಷ್ಟೇ ಅಲ್ಲ, ವರ್ಷಗಟ್ಟಲೆ ಕಸುಬು ಕಲಿತ ಕುಶಲಕರ್ಮಿ ಮಾಡುತ್ತಿದ್ದ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಹೊಲದಿಂದಲೋ ಅಡುಗೆಮನೆಯಿಂದಲೋ ನೇರವಾಗಿ ಬಂದವರಿಗೆ ಕೆಲವೇ ವಾರಗಳಲ್ಲಿ ಕಲಿಸುವುದು ಸಾಧ್ಯವಾಯಿತು. 1942ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ರಿಚ್ಮಂಡ್ ನಗರದ ಕೈಸರ್ ಶಿಪ್‌ಯಾರ್ಡಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಹಡಗು ಐದು ದಿನ ತುಂಬುವುದರೊಳಗೆ ನೀರಿಗಿಳಿಯಿತು. ಅದು ಪ್ರಚಾರಕ್ಕೆಂದು ಮೊದಲೇ ಸಿದ್ಧತೆ ಮಾಡಿಕೊಂಡು ನಡೆಸಿದ ಪ್ರದರ್ಶನವೆಂಬುದು ನಿಜವಾದರೂ, ಆರಂಭದಲ್ಲಿ ಎಂಟು ತಿಂಗಳು ಹಿಡಿಯುತ್ತಿದ್ದ ಹಡಗು ಆಮೇಲೆ ಸರಾಸರಿ ಆರು ವಾರಗಳಲ್ಲಿ ಮುಗಿಯತೊಡಗಿದ್ದು ಪ್ರದರ್ಶನವಲ್ಲ.

ಈ ಕೆಲಸಗಳ ಗುತ್ತಿಗೆಗಳು ಹೆಚ್ಚಾಗಿ ‘ವೆಚ್ಚದ ಮೇಲೆ ಲಾಭ’ ಎಂಬ ರೀತಿಯವು, ಎಂದರೆ ಕಂಪನಿಗೆ ತಗುಲಿದ ಖರ್ಚನ್ನೆಲ್ಲ ಸರ್ಕಾರವೇ ಭರಿಸಿ ಅದರ ಮೇಲೆ ಗೊತ್ತುಪಡಿಸಿದ ಲಾಭವನ್ನೂ ಕೊಡುವಂಥವು. ನಷ್ಟದ ಭಯವೇ ಇಲ್ಲದ ಈ ವ್ಯಾಪಾರದಲ್ಲಿ ಪ್ರಮುಖ ಗುತ್ತಿಗೆಗಳ ಮೌಲ್ಯದ ಮೂರನೆಯ ಎರಡು ಭಾಗ ನೂರು ದೊಡ್ಡ ಕಂಪನಿಗಳ ಪಾಲಾಯಿತು. ಅಮೆರಿಕದ ಯುದ್ಧ ಯಂತ್ರದ ಒಂದು ಕೊಂಡಿ ಬೆಂಗಳೂರಿಗೂ ತಾಗಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ, ವಿಲಿಯಂ ಪಾಲೆ ಎಂಬ ಅಮೆರಿಕನ್ ವಿಮಾನ ವ್ಯಾಪಾರಿಯ ನೆರವಿನಿಂದ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ನಿರ್ವಹಣೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಸೇರಿ, ಬರ್ಮಾ ಮತ್ತು ಚೀನಾ ರಂಗಗಳಲ್ಲಿ ಹಾರಾಡುತ್ತಿದ್ದ ವಿಮಾನಗಳ ದುರಸ್ತಿ ಅಲ್ಲಿ ನಡೆಯಿತು. ಇಂದಿನ ಎಚ್‌ಎಎಲ್ ಅದರದ್ದೇ ಮುಂದುವರಿಕೆ.

ಅಮೆರಿಕದೊಳಗೆ ಕಾರ್ಖಾನೆಗಳು ಎದ್ದ ಕಡೆಗೆ ಜನ ಹರಿದರು. ಸೈನಿಕರನ್ನು ಬಿಟ್ಟು ಲೆಕ್ಕ ಹಾಕಿದರೂ ಸುಮಾರು ಒಂದೂವರೆ ಕೋಟಿ ಮಂದಿ ತಮ್ಮ ಜಿಲ್ಲೆಯನ್ನು ಬಿಟ್ಟು ಬೇರೆಡೆ ನೆಲೆಸಿದರು. ಮೇಲೆ ಹೇಳಿದ ರಿಚ್ಮಂಡ್ ನಗರದ ಜನಸಂಖ್ಯೆ 1940ರಲ್ಲಿ ಸುಮಾರು 23,000 ಇದ್ದುದು ಮೂರೇ ವರ್ಷಗಳಲ್ಲಿ ಒಂದು ಲಕ್ಷದ ಹತ್ತಿರಕ್ಕೆ ಬಂತು. ಹೀಗೆ ಉಬ್ಬಿದ ಊರಿನಲ್ಲಿ ಬಾಡಿಗೆಗೆ ಮನೆಯಿರಲಿ ಕೋಣೆಯೂ ಸಿಗುತ್ತಿರಲಿಲ್ಲವಾದ್ದರಿಂದ ಹಾಸಿಗೆಯನ್ನೇ ಪಾಳಿಯ ಮೇಲೆ ಬಾಡಿಗೆಗೆ ಕೊಡುವ ವ್ಯವಹಾರ ಹುಟ್ಟಿಕೊಂಡಿತು. ರಾತ್ರಿ ಪಾಳಿಯವನು ಮಲಗಲು ಬರುವ ಹೊತ್ತಿಗೆ ಹಗಲು ಪಾಳಿಯವನು ಎದ್ದುಹೋದ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತಾಗಿ ಜನ ಅದನ್ನು ‘ಬಿಸಿ ಹಾಸಿಗೆ’ ಎಂದೇ ಕರೆದರು. ಸಿನೆಮಾ ಮಂದಿರಗಳು ಪಾಳಿ ಮುಗಿಸಿ ಬಂದವರಿಗಾಗಿ ಹಗಲುರಾತ್ರಿ ತೆರೆದಿದ್ದವು, ಶಾಲೆಗಳು ಮಕ್ಕಳನ್ನು ಎರಡು ಮೂರು ಸರದಿಯಲ್ಲಿ ಕೂರಿಸಿದವು. ಆ ದಶಕದಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಜನಸಂಖ್ಯೆ 69 ಲಕ್ಷದಿಂದ ಒಂದು ಕೋಟಿ ದಾಟಿತು. ದೇಶದ ಕೈಗಾರಿಕಾ ಬಲ ಪೂರ್ವ ಮತ್ತು ಮಧ್ಯ ಪಶ್ಚಿಮದಿಂದ ಶಾಂತ ಸಾಗರದ ಕರೆಗೂ ದಕ್ಷಿಣಕ್ಕೂ ವಾಲಿದ್ದು ಈ ವರ್ಷಗಳಲ್ಲಿ. ಆಮೇಲೆ ಅಲ್ಲಿ ಬೆಳೆದ ವಿಮಾನ ಮತ್ತು ಎಲೆಕ್ಟ್ರಾನಿಕ್ ಉದ್ಯಮಗಳು ಈ ವಾಲುವಿಕೆಯ ಫಲವನ್ನು ಉಂಡವು.

ಕೈಯಲ್ಲಿ ಕಾಸು ತುಂಬಿದ್ದರೂ ಅಂಗಡಿಯಲ್ಲಿ ಸರಕಿಲ್ಲದ ಸ್ಥಿತಿ ಬಂದರೆ ಬೆಲೆಗಳು ಆಕಾಶಕ್ಕೇರುವುದು ನಿಶ್ಚಿತ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಗೆಯೇ ಆಗಿತ್ತು. ಅದನ್ನು ತಡೆಯಲು ಬೆಲೆ ಆಡಳಿತ ಕಚೇರಿ ಎಂಬ ಇಲಾಖೆ 1942ರ ಏಪ್ರಿಲಿನಲ್ಲಿ, ಆಯಾ ಅಂಗಡಿಯಲ್ಲಿ ಮಾರ್ಚ್ ತಿಂಗಳಿನಲ್ಲಿದ್ದ ಅತಿ ಹೆಚ್ಚಿನ ಬೆಲೆಯನ್ನು ಮೀರಕೂಡದು ಎಂದು ಬಹುತೇಕ ಎಲ್ಲ ಸರಕುಗಳಿಗೂ ಗೆರೆ ಎಳೆಯಿತು. ಬೆಲೆ ಕಟ್ಟಿಹಾಕಿದ ಮೇಲೆ ಹಂಚಿಕೆಯನ್ನೂ ಕಟ್ಟಲೇಬೇಕು, ಇಲ್ಲವಾದರೆ ಮೊದಲು ಬಂದವನೇ ಎಲ್ಲವನ್ನೂ ಒಯ್ಯುತ್ತಾನೆ. ಮೇ ತಿಂಗಳಲ್ಲಿ ಸಕ್ಕರೆಯಿಂದ ಪಡಿತರ ಆರಂಭವಾಗಿ ಕಾಫಿ, ಮಾಂಸ, ಬೆಣ್ಣೆ, ಡಬ್ಬಿಯ ಆಹಾರ, ಚಪ್ಪಲಿ ಬೂಟುಗಳವರೆಗೆ ಹಬ್ಬಿತು. ಮೊದಲ ಪಡಿತರ ಪುಸ್ತಕಗಳನ್ನು ವಿತರಿಸಿದವರು ಶಾಲೆಯ ಮೇಷ್ಟರುಗಳು; ಕೈಗೂಸಿನಿಂದ ಹಿಡಿದು ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ. 1943ರಿಂದ ಮಾಂಸ, ಬೆಣ್ಣೆ, ಎಣ್ಣೆಗಳಿಗೆ ಕೆಂಪು ಚೀಟಿ, ಡಬ್ಬಿಯ ತರಕಾರಿ ಹಣ್ಣುಗಳಿಗೆ ನೀಲಿ ಚೀಟಿ ಎಂಬ ಅಂಕಗಳ ಪದ್ಧತಿ ಬಂದು, ಒಬ್ಬೊಬ್ಬರಿಗೆ ತಿಂಗಳಿಗೆ 64 ಕೆಂಪು, 48 ನೀಲಿ ಅಂಕಗಳು ದೊರೆಯತೊಡಗಿದವು. ಹೀಗಾಗಿ ಪ್ರತಿಯೊಂದು ಸರಕಿಗೂ ಎರಡು ಬೆಲೆ: ಒಂದು ಹಣದಲ್ಲಿ, ಇನ್ನೊಂದು ಅಂಕದಲ್ಲಿ. ಅಂಕದ ಬೆಲೆಯನ್ನು ಸರ್ಕಾರ ಆಗಾಗ ಬದಲಿಸುತ್ತಿತ್ತು. ಯಾವ ಪದಾರ್ಥದ ದಾಸ್ತಾನು ಕರಗುತ್ತಿದೆಯೋ ಅದರ ಅಂಕ ಏರುತ್ತಿತ್ತು, ಮಿಕ್ಕಿ ಉಳಿದದ್ದರ ಅಂಕ ಇಳಿಯುತ್ತಿತ್ತು. ಗೃಹಿಣಿಯರು ಪತ್ರಿಕೆಯಲ್ಲಿ ಅಂಕಪಟ್ಟಿ ನೋಡಿಕೊಂಡೇ ವಾರದ ಅಡುಗೆ ನಿಶ್ಚಯಿಸಬೇಕಾಗಿತ್ತು.

ಪೆಟ್ರೋಲಿಗೂ ಪಡಿತರ ಬಂದದ್ದರ ಮುಖ್ಯ ಕಾರಣ ಪೆಟ್ರೋಲಿನ ಕೊರತೆಯಲ್ಲ, ರಬ್ಬರಿನದು. ನೈಸರ್ಗಿಕ ರಬ್ಬರು ಬರುತ್ತಿದ್ದ ಮಲಯಾ ಮತ್ತು ಡಚ್ ಈಸ್ಟ್ ಇಂಡೀಸ್ ಪ್ರದೇಶಗಳನ್ನು ಜಪಾನ್ ಹಿಡಿದುಕೊಂಡಿದ್ದರಿಂದ, ಜನ ಕಾರು ಓಡಿಸುವುದನ್ನು ತಗ್ಗಿಸಿ ಟೈರುಗಳನ್ನು ಉಳಿಸುವುದಕ್ಕಾಗಿ ದೇಶಾದ್ಯಂತ ಪೆಟ್ರೋಲಿಗೆ ಮಿತಿ ಹಾಕಿ, ಗಂಟೆಗೆ 35 ಮೈಲಿಯ ವೇಗಮಿತಿಯನ್ನೂ ವಿಧಿಸಲಾಯಿತು. ಕಾರಿನ ಗಾಜಿಗೆ ಅಂಟಿಸಿದ ‘ಎ’, ‘ಬಿ’, ‘ಸಿ’ ಅಕ್ಷರಗಳು ಮಾಲೀಕನಿಗೆ ಎಷ್ಟು ಪೆಟ್ರೋಲು ಸಲ್ಲುತ್ತದೆ ಎಂಬುದನ್ನು ಸಾರುತ್ತಿದ್ದವು. ‘ಎ’ ದರ್ಜೆಯವರಿಗೆ ವಾರಕ್ಕೆ ಮೂರು ನಾಲ್ಕು ಗ್ಯಾಲನ್ ಮಾತ್ರ, ವೈದ್ಯರಂಥವರಿಗೆ ‘ಸಿ’. ಕಾಳಸಂತೆ ಇರಲಿಲ್ಲವೆಂದಲ್ಲ, ಮಾಂಸದಲ್ಲೂ ಪೆಟ್ರೋಲಿನ ಚೀಟಿಗಳಲ್ಲೂ ಅದು ಧಾರಾಳವಾಗಿ ನಡೆಯಿತು. ಆದರೂ 1943ರ ವಸಂತದಿಂದ ಯುದ್ಧ ಮುಗಿಯುವವರೆಗೆ ಗ್ರಾಹಕ ಬೆಲೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತವು ಎಂಬುದು ಸಣ್ಣ ಸಾಧನೆಯಲ್ಲ. ಈ ಇಲಾಖೆಯ ಬೆಲೆ ವಿಭಾಗವನ್ನು 1943ರ ತನಕ ನಡೆಸಿದ ತರುಣ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೆತ್, ಮುಂದೆ ನೆಹರೂ ಅವರ ಕಾಲದಲ್ಲಿ ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಬಂದವರೇ.

ಯುದ್ಧದ ಖರ್ಚಿನ ಅರ್ಧಕ್ಕೂ ಹೆಚ್ಚು ಭಾಗ ಸಾಲದಿಂದ ಬಂತು, ಉಳಿದದ್ದು ತೆರಿಗೆಯಿಂದ. ಯುದ್ಧಕ್ಕೆ ಮೊದಲು ಅಮೆರಿಕದಲ್ಲಿ ಆದಾಯ ತೆರಿಗೆಯೆಂದರೆ ಅನುಕೂಲಸ್ಥರ ಗೊಡವೆ. 1939ರಲ್ಲಿ ಅದನ್ನು ಕಟ್ಟುತ್ತಿದ್ದವರು ಸುಮಾರು 40 ಲಕ್ಷ ಮಂದಿ. 1942ರ ಕಂದಾಯ ಕಾನೂನು ವಿನಾಯಿತಿಯ ಮಿತಿಯನ್ನು ಒಂಟಿ ವ್ಯಕ್ತಿಗೆ ವರ್ಷಕ್ಕೆ 500 ಡಾಲರಿಗೆ ಇಳಿಸಿದ್ದರಿಂದ ಸಾಮಾನ್ಯ ಕೂಲಿಕಾರನೂ ತೆರಿಗೆಯ ಬಲೆಗೆ ಬಿದ್ದ, 1945ರ ಹೊತ್ತಿಗೆ ತೆರಿಗೆದಾರರ ಸಂಖ್ಯೆ ನಾಲ್ಕು ಕೋಟಿ ದಾಟಿತು. ಮೇಲ್ತುದಿಯ ಆದಾಯದ ಮೇಲಿನ ದರ ಶೇಕಡಾ 94ಕ್ಕೆ ಏರಿತು. ಆದರೆ ದರಕ್ಕಿಂತ ದೊಡ್ಡ ಬದಲಾವಣೆ ವಸೂಲಿಯ ಕ್ರಮದಲ್ಲಿ ಆಯಿತು. ಅಲ್ಲಿಯವರೆಗೆ ಒಂದು ವರ್ಷದ ಗಳಿಕೆಗೆ ಮುಂದಿನ ವರ್ಷ ಕಂತುಗಳಲ್ಲಿ ತೆರಿಗೆ ಕಟ್ಟುವ ರೂಢಿಯಿತ್ತು. ವಾರದ ಕೂಲಿಯನ್ನು ವಾರದಲ್ಲೇ ಮುಗಿಸುವ ಸಂಸಾರಗಳು ಇಡೀ ವರ್ಷದ ತೆರಿಗೆಯನ್ನು ಕೂಡಿಟ್ಟು ಕಟ್ಟುತ್ತವೆಂದು ನಂಬುವಂತಿರಲಿಲ್ಲ. ಆದ್ದರಿಂದ 1943ರ ಜುಲೈಯಿಂದ ಮಾಲೀಕರೇ ಸಂಬಳ ಕೊಡುವಾಗ ತೆರಿಗೆಯನ್ನು ಕಡಿದು ಸರ್ಕಾರಕ್ಕೆ ಸಲ್ಲಿಸುವ, ಭಾರತದ ನೌಕರರು ಟಿಡಿಎಸ್ ಎಂದು ಬಲ್ಲ ಬಗೆಯ ಪದ್ಧತಿ ಬಂತು. ಇದರಲ್ಲಿ ಒಂದು ತೊಡಕಿತ್ತು: ಹಿಂದಿನ ವರ್ಷದ ಬಾಕಿಯನ್ನೂ ಈ ವರ್ಷದ ಕಡಿತವನ್ನೂ ಒಟ್ಟಿಗೆ ಹೊರಿಸಿದರೆ ಜನ ಒಂದೇ ವರ್ಷದಲ್ಲಿ ಎರಡು ತೆರಿಗೆ ಕಟ್ಟಬೇಕಾಗುತ್ತಿತ್ತು. ಮೇಸೀಸ್ ಎಂಬ ದೊಡ್ಡ ಮಳಿಗೆಯ ಕೋಶಾಧಿಕಾರಿಯಾಗಿದ್ದ ಬಿಯರ್ಡ್ಸ್‌ಲಿ ರಮ್ಲ್, ಹಳೆಯ ವರ್ಷದ್ದನ್ನು ಮನ್ನಾ ಮಾಡಿಬಿಡಿ ಎಂದು ಸೂಚಿಸಿದರು. ಹಾಗೆ ಮಾಡಿದರೆ ಯುದ್ಧದಿಂದ ಕೊಬ್ಬಿದವರಿಗೇ ಹೆಚ್ಚಿನ ಲಾಭವೆಂದು ರೂಸ್‌ವೆಲ್ಟ್ ವಿರೋಧಿಸಿ, ಕೊನೆಗೆ ಹೆಚ್ಚಿನವರಿಗೆ ಒಂದು ವರ್ಷದ ತೆರಿಗೆಯ ಮುಕ್ಕಾಲು ಭಾಗ ಮನ್ನಾ ಆಗುವಂತೆ ರಾಜಿಯಾಯಿತು. ಖಜಾನೆಯಲ್ಲಿ ಕುಳಿತು ಈ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರು ಮಿಲ್ಟನ್ ಫ್ರೀಡ್‌ಮನ್. ಸರ್ಕಾರದ ಕೈ ಉದ್ದವಾಗುವುದನ್ನು ಜೀವಮಾನವಿಡೀ ಟೀಕಿಸಿದ ಈ ಅರ್ಥಶಾಸ್ತ್ರಜ್ಞರು, ಆ ಕೈಯನ್ನು ಉದ್ದಮಾಡುವುದರಲ್ಲಿ ತಮ್ಮದೂ ಪಾಲಿದೆಯೆಂದು ಮುಂದೆ ಪರಿತಪಿಸಿದರು.

ಮೂಲದಲ್ಲೇ ಕಡಿತ ಮಾಡುವ ಪದ್ಧತಿಯನ್ನು ಯುದ್ಧದ ನಂತರ ಯಾರೂ ಕಿತ್ತುಹಾಕಲಿಲ್ಲ, ಏಕೆಂದರೆ ಖಜಾನೆಗೆ ಅದರ ರುಚಿ ಹತ್ತಿತ್ತು, ಕೈಗೇ ಬಾರದ ಹಣಕ್ಕಾಗಿ ಜನರೂ ಹೆಚ್ಚು ಗೊಣಗಲಿಲ್ಲ. ಸಾಲದ ಭಾಗವನ್ನು ತುಂಬಲು ಯುದ್ಧಪತ್ರಗಳ ಮಾರಾಟ ನಡೆಯಿತು. 18 ಡಾಲರ್ 75 ಸೆಂಟ್ ಕೊಟ್ಟು ಕೊಂಡ ಪತ್ರಕ್ಕೆ ಹತ್ತು ವರ್ಷಗಳ ನಂತರ 25 ಡಾಲರ್ ಸಿಗುತ್ತಿತ್ತು. ಸುಮಾರು ಎಂಟೂವರೆ ಕೋಟಿ ಜನ ಇವನ್ನು ಕೊಂಡದ್ದರಿಂದ, ಜನರ ಕೈಯಲ್ಲಿದ್ದ ಹಣ ಪೇಟೆಗೆ ಬಂದು ಬೆಲೆ ಏರಿಸದಂತೆ ತಡೆಯುವ ಗುರಿಯೂ ಈಡೇರಿತು.

ಹೆಂಗಸರ ದುಡಿಮೆಯ ವಿಷಯಕ್ಕೆ ಬಂದರೆ, ತಲೆಗೆ ಕೆಂಪು ವಸ್ತ್ರ ಕಟ್ಟಿ ತೋಳು ಮಡಚಿ ನಿಂತ ಯುವತಿಯ ಭಿತ್ತಿಚಿತ್ರ ಇಂದು ಜಗತ್ತಿಗೆಲ್ಲ ಪರಿಚಿತ. ಆದರೆ ಅದು 1943ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳ ಗೋಡೆಯ ಮೇಲೆ ಎರಡು ವಾರವಷ್ಟೇ ಇದ್ದು, ಪ್ರಸಿದ್ಧಿಗೆ ಬಂದದ್ದು ನಾಲ್ಕು ದಶಕಗಳ ನಂತರ. ಯುದ್ಧಕಾಲದ ಜನ ಬಲ್ಲ ‘ರೋಸಿ ದಿ ರಿವೆಟರ್’, ಅದೇ ವರ್ಷದ ಮೇ ತಿಂಗಳಲ್ಲಿ ಒಂದು ವಾರಪತ್ರಿಕೆಯ ಮುಖಪುಟಕ್ಕೆ ನಾರ್ಮನ್ ರಾಕ್‌ವೆಲ್ ಬಿಡಿಸಿದ ಗಟ್ಟಿಮುಟ್ಟಾದ ಹೆಣ್ಣಾಳು. ದುಡಿಯುವ ಹೆಂಗಸರ ಸಂಖ್ಯೆ ಸುಮಾರು 1.2 ಕೋಟಿಯಿಂದ 1.8 ಕೋಟಿಯಾಚೆಗೆ ಏರಿತೆಂಬುದು ದೊಡ್ಡ ಮಾತೇ ಆದರೂ, ಏರಿಕೆಗಿಂತ ಅದರ ಸ್ವರೂಪ ಮುಖ್ಯವಾದದ್ದು. ಮೊತ್ತಮೊದಲ ಬಾರಿಗೆ ದುಡಿಯುವ ಹೆಂಗಸರಲ್ಲಿ ಮದುವೆಯಾಗದವರಿಗಿಂತ ಮದುವೆಯಾದವರ ಸಂಖ್ಯೆ ಹೆಚ್ಚಾಯಿತು. ಮನೆಗೆಲಸ, ಹೋಟೆಲು, ಬಟ್ಟೆ ಗಿರಣಿಗಳಲ್ಲಿ ಮೊದಲೇ ದುಡಿಯುತ್ತಿದ್ದ ಲಕ್ಷಾಂತರ ಹೆಂಗಸರು ಹೆಚ್ಚಿನ ಕೂಲಿಯ ವಿಮಾನ, ಹಡಗು, ಮದ್ದುಗುಂಡುಗಳ ಕೆಲಸಕ್ಕೆ ದಾಟಿದರು.

ತಾಯಿ ವೆಲ್ಡಿಂಗ್ ಮಾಡುವಾಗ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಸರ್ಕಾರ ಒಲ್ಲದ ಮನಸ್ಸಿನಿಂದಲೇ ಉತ್ತರ ಕೊಟ್ಟಿತು. ಯುದ್ಧದ ಊರುಗಳಿಗೆ ಸೌಕರ್ಯ ಒದಗಿಸಲು ಬಂದಿದ್ದ ಲ್ಯಾನ್‌ಹ್ಯಾಮ್ ಕಾನೂನಿನ ಹಣದಿಂದ ಮೂರು ಸಾವಿರಕ್ಕೂ ಹೆಚ್ಚು ಶಿಶುಪಾಲನಾ ಕೇಂದ್ರಗಳು ತೆರೆದು, 1944ರ ಬೇಸಗೆಯಲ್ಲಿ ಅವುಗಳಲ್ಲಿ ಸುಮಾರು 1.3 ಲಕ್ಷ ಮಕ್ಕಳಿದ್ದರು. ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕೈಸರ್ ಸಂಸ್ಥೆ ಶಿಪ್‌ಯಾರ್ಡಿನ ಬಾಗಿಲಲ್ಲೇ ಕಟ್ಟಿಸಿದ ಎರಡು ಕೇಂದ್ರಗಳು ಮೂರೂ ಪಾಳಿಗೆ ತೆರೆದಿದ್ದು, ಮಗುವನ್ನು ಕರೆದೊಯ್ಯಲು ಬರುವ ತಾಯಿಗೆ ಮನೆಮಂದಿಗಾಗುವಷ್ಟು ಸಿದ್ಧ ಊಟವನ್ನೂ ಕಟ್ಟಿ ಮಾರುತ್ತಿದ್ದವು. ದುಡಿಯುವ ಹೆಂಗಸಿನ ದಿನಚರಿಯನ್ನು ಅಷ್ಟು ಹತ್ತಿರದಿಂದ ಬಲ್ಲ ಏರ್ಪಾಡು ಆ ದೇಶದಲ್ಲಿ ಆಮೇಲೂ ಅಪರೂಪವೇ. 1946ರ ಆರಂಭದಲ್ಲಿ ಒಕ್ಕೂಟದ ಹಣ ನಿಂತು ಕೇಂದ್ರಗಳು ಮುಚ್ಚಿದವು. ತಾಯಂದಿರು ಪತ್ರ ಬರೆದು, ಮನವಿ ಸಲ್ಲಿಸಿ ಒತ್ತಾಯಿಸಿದ ಕ್ಯಾಲಿಫೋರ್ನಿಯದಂಥ ಕೆಲವೇ ಕಡೆ ರಾಜ್ಯದ ಹಣದಿಂದ ಮುಂದುವರಿದವು. ಆ ಹೊತ್ತಿಗೆ ಕಾರ್ಖಾನೆಗಳು ಹೆಂಗಸರನ್ನು ಬಿಡಿಸಿ ಮರಳಿಬಂದ ಗಂಡಸರಿಗೆ ಜಾಗ ಮಾಡಿಕೊಡುತ್ತಿದ್ದವು, ಮುಂದುವರಿಯಲು ಬಯಸುತ್ತೇವೆಂದು ಹೇಳಿದ ಹೆಂಗಸರ ಮಾತಿಗೆ ಮಾಲೀಕರೂ ಕಿವಿಗೊಡಲಿಲ್ಲ, ಕಾರ್ಮಿಕ ಸಂಘಗಳೂ ಹೆಚ್ಚಾಗಿ ಕಿವಿಗೊಡಲಿಲ್ಲ.

ಕಪ್ಪು ಅಮೆರಿಕನ್ನರಿಗೆ ಯುದ್ಧದ ಕೆಲಸ ತಾನಾಗಿ ದೊರೆಯಲಿಲ್ಲ. ರೈಲಿನ ಮಲಗುವ ಬೋಗಿಗಳ ಪರಿಚಾರಕರ ಸಂಘವನ್ನು ಕಟ್ಟಿದ್ದ ಎ. ಫಿಲಿಪ್ ರಾಂಡಾಲ್ಫ್ 1941ರಲ್ಲಿ ರಾಜಧಾನಿ ವಾಷಿಂಗ್ಟನ್ನಿಗೆ ಕಪ್ಪು ಜನರ ಬೃಹತ್ ಜಾಥಾ ನಡೆಸುವುದಾಗಿ ಎಚ್ಚರಿಕೆ ಕೊಟ್ಟ ಮೇಲೆಯೇ, ಜೂನ್ 25ರಂದು ರೂಸ್‌ವೆಲ್ಟ್ ರಕ್ಷಣಾ ಉದ್ಯಮಗಳಲ್ಲಿ ಜನಾಂಗಭೇದವನ್ನು ನಿಷೇಧಿಸುವ 8802ನೆಯ ಆಜ್ಞೆಗೆ ಸಹಿ ಹಾಕಿದರು. ಗಾಂಧೀಜಿಯವರ ಸಾಮೂಹಿಕ ಅಹಿಂಸಾತ್ಮಕ ಪ್ರತಿರೋಧದಿಂದ ತಾವು ಕಲಿತಿದ್ದೇವೆಂಬುದನ್ನು ರಾಂಡಾಲ್ಫರ ಚಳವಳಿ ಮುಚ್ಚಿಡಲಿಲ್ಲ. ರಕ್ಷಣಾ ಉದ್ಯಮದಲ್ಲಿ ಕಪ್ಪು ಕಾರ್ಮಿಕರ ಪಾಲು 1942ರಲ್ಲಿ ಶೇಕಡಾ 3ರಷ್ಟಿದ್ದುದು 1944ರಲ್ಲಿ ಶೇಕಡಾ 8ಕ್ಕೇರಿತು. ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಬಂದವರಿಗೆ ಅಲ್ಲಿ ಕೂಲಿ ಸಿಕ್ಕಿತು, ಸಮಾನತೆ ಸಿಗಲಿಲ್ಲ. ಪಶ್ಚಿಮ ಕರಾವಳಿಯ ಶಿಪ್‌ಯಾರ್ಡುಗಳಲ್ಲಿ ಬಾಯ್ಲರ್ ಕೆಲಸಗಾರರ ಸಂಘವು ಕಪ್ಪು ಸದಸ್ಯರಿಂದ ಚಂದಾ ಪಡೆದು ಮತವಿಲ್ಲದ ಉಪಸಂಘಗಳಲ್ಲಿ ಕೂರಿಸಿತು, ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 1944ರ ಕೊನೆಯಲ್ಲಿ ಇದನ್ನು ಒಪ್ಪಲಾಗದೆಂದು ತೀರ್ಪಿತ್ತಿತು. 1943ರ ಜೂನಿನಲ್ಲಿ ಡೆಟ್ರಾಯಿಟ್ ಗಲಭೆಯಲ್ಲಿ 34 ಮಂದಿ ಸತ್ತರು, ಅವರಲ್ಲಿ 25 ಮಂದಿ ಕಪ್ಪು ಜನ. ‘ಪಿಟ್ಸ್‌ಬರ್ಗ್ ಕೊರಿಯರ್’ ಎಂಬ ಕಪ್ಪು ಜನರ ಪತ್ರಿಕೆ ಹೊರಗಿನ ಶತ್ರುವಿನ ಮೇಲೂ ಒಳಗಿನ ಜನಾಂಗಭೇದದ ಮೇಲೂ ಎರಡು ಗೆಲುವು ಬೇಕೆಂಬ ಚಳವಳಿ ನಡೆಸಿತು. ಸೇನೆಯೊಳಗಿನ ಪ್ರತ್ಯೇಕತೆಯನ್ನು ಕೊನೆಗೊಳಿಸುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ಉದ್ಯೋಗದಲ್ಲಿನ ಭೇದವನ್ನು ವಿಚಾರಿಸುತ್ತಿದ್ದ ಸಮಿತಿಯನ್ನು ಮಾತ್ರ ದಕ್ಷಿಣದ ಸಂಸದರು 1946ರಲ್ಲೇ ಹಣವಿಲ್ಲದಂತೆ ಮಾಡಿ ಮುಗಿಸಿದ್ದರು.

ಯುದ್ಧಕಾಲದ ಅತ್ಯಂತ ಘೋರ ಅನ್ಯಾಯಕ್ಕೆ ತುತ್ತಾದವರು ಪಶ್ಚಿಮ ಕರಾವಳಿಯ ಜಪಾನಿ ಮೂಲದವರು. 1942ರ ಫೆಬ್ರವರಿ 19ರ ಆಜ್ಞೆಯ ಬಲದಿಂದ ಸುಮಾರು 1.2 ಲಕ್ಷ ಜನರನ್ನು, ಅವರಲ್ಲಿ ಮೂರನೆಯ ಎರಡರಷ್ಟು ಮಂದಿ ಅಮೆರಿಕದ ಪೌರರೇ ಆಗಿದ್ದರೂ, ಮುಳ್ಳುತಂತಿಯ ಹಿಂದಿನ ಹತ್ತು ಶಿಬಿರಗಳಿಗೆ ಸಾಗಿಸಲಾಯಿತು. ಕೈಯಲ್ಲಿ ಹಿಡಿಯುವಷ್ಟನ್ನೇ ಒಯ್ಯಬೇಕಾಗಿದ್ದರಿಂದ ಹೊಲ, ಅಂಗಡಿ, ಮೀನುದೋಣಿಗಳು ಸಿಕ್ಕಿದ ಬೆಲೆಗೆ ಕೈಬಿಟ್ಟವು. ಸರ್ಕಾರ ತಪ್ಪೊಪ್ಪಿಕೊಂಡು, ಬದುಕುಳಿದ ಒಬ್ಬೊಬ್ಬರಿಗೆ 20,000 ಡಾಲರ್ ಪರಿಹಾರ ಕೊಡುವ ಕಾನೂನು ಬಂದದ್ದು 1988ರಲ್ಲಿ. ಅದೇ ಯುದ್ಧ ಏಷ್ಯದ ಮಿತ್ರರಾಷ್ಟ್ರಗಳ ಜನರಿಗೆ ಬಾಗಿಲನ್ನು ತುಸು ತೆರೆಯಿತೆಂಬುದೂ ನಿಜ: 1923ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಪೌರತ್ವದ ಹಕ್ಕು ಕಳೆದುಕೊಂಡಿದ್ದ ಭಾರತೀಯರಿಗೆ 1946ರ ಲೂಸ್-ಸೆಲ್ಲರ್ ಕಾನೂನು ಆ ಹಕ್ಕನ್ನು ಕೊಟ್ಟಿತು, ವರ್ಷಕ್ಕೆ ನೂರು ಭಾರತೀಯರು ವಲಸೆ ಬರಬಹುದೆಂದಿತು.

ಯುದ್ಧ ಮುಗಿಯುತ್ತಲೇ ಕುಸಿತ ಮರುಕಳಿಸುತ್ತದೆಂದು ಅನೇಕ ಅರ್ಥಶಾಸ್ತ್ರಜ್ಞರು ಅಂಜಿದ್ದರು. ಹಾಗಾಗಲಿಲ್ಲ. ಸರಕಿಲ್ಲದ ಕಾರಣ ಜನ ತಮ್ಮ ಆದಾಯದ ಕಾಲುಭಾಗದಷ್ಟನ್ನು ಉಳಿಸಿದ್ದರು, ಆ ಹಣ ಕಾರು, ಫ್ರಿಜ್, ಮನೆಗಳ ಬೇಡಿಕೆಯಾಗಿ ಹೊರಬಂತು. ನೈಲಾನ್ ಕಾಲುಚೀಲಗಳು ಅಂಗಡಿಗೆ ಮರಳಿದಾಗ, ಯುದ್ಧಕಾಲದಲ್ಲೆಲ್ಲ ಆ ನೂಲು ಪ್ಯಾರಾಷೂಟಿಗೆ ಹೋಗಿದ್ದರಿಂದ, ಪಿಟ್ಸ್‌ಬರ್ಗಿನಲ್ಲಿ ಸಾವಿರಾರು ಹೆಂಗಸರು ಸಾಲುಗಟ್ಟಿ ನೂಕುನುಗ್ಗಲಾಯಿತು. ವ್ಯಾಪಾರಿಗಳ ಸಂಘಟನೆಗಳು ಬೆಲೆ ನಿಯಂತ್ರಣದ ವಿರುದ್ಧ ಜೋರು ಪ್ರಚಾರ ನಡೆಸಿ, ಜಾನುವಾರು ಸಾಕುವವರು ಮಾಂಸವನ್ನು ಪೇಟೆಯಿಂದ ತಡೆಹಿಡಿದು, 1946ರಲ್ಲಿ ಆ ಏರ್ಪಾಡನ್ನು ಮುರಿದರು. ಮರುವರ್ಷ ಬೆಲೆಗಳು ಶೇಕಡಾ 14ರಷ್ಟು ಏರಿದವು.

ನಿವೃತ್ತ ಸೈನಿಕರ ಬೆನ್ನಿಗೆ ಅಮೆರಿಕನ್ ಲೀಜನ್ ಎಂಬ ಪ್ರಬಲ ಸಂಘವಿತ್ತು. ಅದರ ಒತ್ತಾಸೆಯಿಂದ 1944ರ ಜೂನಿನಲ್ಲಿ ಬಂದ ‘ಜಿಐ ಬಿಲ್’ ಎಂಬ ಕಾನೂನು ಸೈನಿಕರಿಗೆ ಓದಿನ ಶುಲ್ಕ, ಓದುವಾಗಿನ ಜೀವನಭತ್ಯೆ, ಮನೆಸಾಲಕ್ಕೆ ಸರ್ಕಾರದ ಜಾಮೀನು, ವರ್ಷದವರೆಗೆ ನಿರುದ್ಯೋಗ ಭತ್ಯೆಗಳನ್ನು ಕೊಟ್ಟಿತು. 78 ಲಕ್ಷ ಮಂದಿ ಓದು ಅಥವಾ ತರಬೇತಿಗೆ ಇದನ್ನು ಬಳಸಿಕೊಂಡರು, ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. ಕಾಲೇಜು ಶ್ರೀಮಂತರ ಮಕ್ಕಳ ಸ್ವತ್ತೆಂಬ ಭಾವನೆ ಅಲ್ಲಿಗೆ ಸಡಿಲಿತು. ಆದರೆ ಕಾನೂನಿನ ಅನುಷ್ಠಾನವನ್ನು ಸ್ಥಳೀಯ ಅಧಿಕಾರಿಗಳಿಗೂ ಬ್ಯಾಂಕುಗಳಿಗೂ ಬಿಡಬೇಕೆಂದು ಮಿಸಿಸಿಪಿಯ ಸಂಸದ ಜಾನ್ ರಾಂಕಿನ್ ಹಟ ಹಿಡಿದದ್ದರ ಪರಿಣಾಮ, ಅದೇ ಮಿಸಿಸಿಪಿಯಲ್ಲಿ 1947ರ ಸಮೀಕ್ಷೆಯೊಂದು ಎಣಿಸಿದ 3,229 ಜಾಮೀನು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡೇ ಎರಡು. ಅಮೆರಿಕದ ಮಧ್ಯಮ ವರ್ಗದ ಆಸ್ತಿಯೆಂದರೆ ಹೆಚ್ಚಾಗಿ ಮನೆಯೇ; ಆ ವರ್ಷಗಳಲ್ಲಿ ಮನೆ ಕೊಂಡವರ ಮಕ್ಕಳಿಗೂ ಕೊಳ್ಳಲಾಗದವರ ಮಕ್ಕಳಿಗೂ ನಡುವಿನ ಅಂತರ ತಲೆಮಾರುಗಳ ತನಕ ಬೆಳೆಯಿತು.

ಉಳಿದುಕೊಂಡವುಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಯಾರೂ ಯೋಜಿಸದೆ ಹುಟ್ಟಿದ್ದು. 1942ರ ಅಕ್ಟೋಬರಿನ ಸ್ಥಿರೀಕರಣ ಕಾನೂನು ಕೂಲಿಯನ್ನು ಕಟ್ಟಿಹಾಕಿತಾದರೂ, ಮಿತವಾದ ಪ್ರಮಾಣದ ವಿಮೆ ಮತ್ತು ಪಿಂಚಣಿ ಸೌಲಭ್ಯಗಳನ್ನು ಕೂಲಿಯ ಲೆಕ್ಕದಿಂದ ಹೊರಗಿಟ್ಟಿತು. ಆಳುಗಳ ಕೊರತೆಯಿಂದ ಪರದಾಡುತ್ತಿದ್ದ ಮಾಲೀಕರು ಹೆಚ್ಚು ಸಂಬಳದ ಆಸೆ ತೋರಿಸುವಂತಿರಲಿಲ್ಲವಾದ್ದರಿಂದ ಆರೋಗ್ಯ ವಿಮೆಯ ಆಸೆ ತೋರಿಸಿದರು. ಆ ಕಂತಿಗೆ ನೌಕರ ತೆರಿಗೆ ಕಟ್ಟಬೇಕಿಲ್ಲವೆಂದು ತೆರಿಗೆ ಇಲಾಖೆ 1943ರಲ್ಲಿ ಹೇಳಿದ್ದು ಇಬ್ಬರಿಗೂ ಅನುಕೂಲವಾಯಿತು. ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕೆಂದು ಟ್ರೂಮನ್ 1945ರ ನವೆಂಬರಿನಲ್ಲಿ ಕಾಂಗ್ರೆಸ್ಸಿನ ಮುಂದೆ ಯೋಜನೆ ಇಟ್ಟಾಗ, ವೈದ್ಯರ ಸಂಘ ಅದನ್ನು ಸಮಾಜವಾದವೆಂದು ಹಳಿಯಿತು, ಕಾರ್ಖಾನೆಯಲ್ಲೇ ವಿಮೆ ಪಡೆಯಬಹುದಾಗಿದ್ದ ಕಾರ್ಮಿಕ ಸಂಘಗಳ ಉತ್ಸಾಹವೂ ಕ್ರಮೇಣ ಆರಿತು. 1940ರಲ್ಲಿ ಹತ್ತರಲ್ಲೊಬ್ಬರಿಗೆ ಮಾತ್ರ ಇದ್ದ ಖಾಸಗಿ ಆರೋಗ್ಯ ವಿಮೆ 1950ರ ಹೊತ್ತಿಗೆ ಅರ್ಧದಷ್ಟು ಜನರನ್ನು ತಲುಪಿತ್ತು. 1954ರ ತೆರಿಗೆ ಸಂಹಿತೆ ಆ ವಿನಾಯಿತಿಯನ್ನು ಶಾಶ್ವತಗೊಳಿಸಿತು. ಕೂಲಿ ನಿಯಂತ್ರಣ ಕೊನೆಗೊಂಡು ಎಂಟು ದಶಕಗಳಾದರೂ, ಅದರ ಒಂದು ವಿನಾಯಿತಿಯ ಫಲವಾಗಿ ಇಂದಿಗೂ ಬಹುಪಾಲು ದುಡಿಯುವ ಅಮೆರಿಕನ್ನರ ಆರೋಗ್ಯ ವಿಮೆ ಅವರ ಮಾಲೀಕರ ಕೈಯಲ್ಲಿದೆ, ಕೆಲಸ ಹೋದವರು ಸಂಬಳದ ಜೊತೆಗೆ ಆಸ್ಪತ್ರೆಯ ಖರ್ಚಿಗಿದ್ದ ಆಸರೆಯನ್ನೂ ಕಳೆದುಕೊಳ್ಳುತ್ತಾರೆ.